ತಮ್ಮ ಹುಟ್ಟಿದ ಮೇಲೆ ಮಗಳು ಬದಲಾಗಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನಾವು ಕುಮಟಾ ಹತ್ತಿರದ ಹಳ್ಳಿಯವರು. ಮಗಳಿಗೆ ನಾಲ್ಕು ವರ್ಷ ಮೂರು ತಿಂಗಳು, ಮಗನಿಗೆ ಏಳು ತಿಂಗಳು. ಹೆರಿಗೆಗೆ ಶಿರಸಿ ಕಡೆಯ ತವರಿಗೆ ಹೋಗಿದ್ದೆ. ದೀಪಾವಳಿ ಮುಗಿಸಿ ಹೋದವಳು ಬಾಣಂತನ ಮುಗಿಸಿ ಬಂದಿದ್ದು ಹೋಳಿ ಹುಣ್ಣಿಮೆ ಹೊತ್ತಿಗೆ. ಮಗಳ ಅಂಗನವಾಡಿ ತಪ್ಪಬಾರದು ಎಂದು ಅವಳನ್ನು ಅತ್ತೆಯ ಹತ್ತಿರವೇ ಬಿಟ್ಟಿದ್ದೆವು. ನಮ್ಮವರಿಗೆ ಕಾರವಾರದಲ್ಲಿ ಕೆಲಸ, ಶನಿವಾರ ರಾತ್ರಿ ಬರುತ್ತಾರೆ. ನಾನು ವಾಪಸ್ ಬಂದ ಮೊದಲ ವಾರ ಮಗಳು ತಮ್ಮನನ್ನು ಬಿಟ್ಟು ಅಲ್ಲಾಡಲಿಲ್ಲ. ಆಮೇಲೆ ಶುರುವಾಯಿತು. ಅಪ್ಪಿಕೊಳ್ಳುವ ನೆಪದಲ್ಲಿ ಚಿವುಟುತ್ತಾಳೆ. ಅವನು ಮಲಗಿದರೆ ಕೂಗಿ ಎಬ್ಬಿಸುತ್ತಾಳೆ. ನಿಂತೇ ಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಬಂದಿದೆ. ತನಗೂ ಬಾಟಲಿಯಲ್ಲಿ ಹಾಲು ಬೇಕು, ತಾನೂ ತೊಟ್ಟಿಲಲ್ಲಿ ಮಲಗಬೇಕು ಎನ್ನುತ್ತಾಳೆ. "ಆಯಿ, ಇವನ್ನ ಅಮ್ಮಮ್ಮನ ಮನೆಲೇ ಬಿಟ್ಟಿಕ್ಕಿ ಬಾ" ಎಂದು ದಿನಾ ಹೇಳುತ್ತಾಳೆ. ಜೂನ್‌ನಲ್ಲಿ ಎಲ್‌ಕೆಜಿಗೆ ಹಾಕಿದೆವು, ಬೆಳಿಗ್ಗೆ ಹೊರಡುವಾಗ ಹೊಟ್ಟೆನೋವು ಶುರು. ಕಳೆದ ವಾರ ನಾನು ಬಚ್ಚಲಿಂದ ಬರುವಷ್ಟರಲ್ಲಿ ತೊಟ್ಟಿಲಲ್ಲಿದ್ದವನ ಮುಖಕ್ಕೆ ಚಾದರ ಮುಚ್ಚಿ ನಿಂತಿದ್ದಳು. ಹೆದರಿಕೆಯಲ್ಲಿ ಜೋರಾಗಿ ಹೊಡೆದುಬಿಟ್ಟೆ. ಅವತ್ತಿನಿಂದ ನನ್ನ ಹತ್ತಿರ ಬರುತ್ತಿಲ್ಲ. ಇಬ್ಬರದೂ ಒಂದೇ ನಕ್ಷತ್ರ, ಗೋಕರ್ಣದಲ್ಲಿ ಶಾಂತಿ ಮಾಡಿಸಬೇಕು ಎನ್ನುತ್ತಾರೆ ಅತ್ತೆ. ಒಂದು ವರ್ಷ ಮಗಳನ್ನು ತವರಿಗೆ ಕಳಿಸು, ಮಾಣಿ ದೊಡ್ಡ ಆದ ಮೇಲೆ ಕರೆಸು ಎನ್ನುತ್ತಾಳೆ ನಾದಿನಿ. ಇವಳಿಗೆ ಏನಾದರೂ ಮಾನಸಿಕ ತೊಂದರೆ ಇದೆಯಾ? ಮುಂದೆ ತಮ್ಮನಿಗೆ ಏನಾದರೂ ಮಾಡಿಬಿಟ್ಟರೆ? ನಾನು ಕೆಟ್ಟ ತಾಯಿ ಅಂತ ಅನಿಸಿಬಿಟ್ಟಿದೆ.

ಉತ್ತರ: ನಿಮ್ಮ ದೊಡ್ಡ ಭಯಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಮಗಳಿಗೆ ಮನಸ್ಸಿನ ಕಾಯಿಲೆ ಇರುವ ಹಾಗೆ ಕಾಣುವುದಿಲ್ಲ. ಚಿವುಟುವುದು, ಎಬ್ಬಿಸುವುದು, ಹಾಸಿಗೆ ಒದ್ದೆ, ಬಾಟಲಿ, ಹೊಟ್ಟೆನೋವು, ಇವೆಲ್ಲ ಈ ವಯಸ್ಸಿನ ಮಕ್ಕಳಲ್ಲಿ ಇಂಥ ಹೊತ್ತಿನಲ್ಲಿ ನಾನು ಸದಾ ಕೇಳುವ ಮಾತುಗಳೇ. ಬೇರೆ ಬೇರೆ ದೂರಿನ ಹಾಗೆ ಕಂಡರೂ ಬೇರು ಒಂದೇ. ಆದರೆ ಚಾದರದ ವಿಷಯ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ. ಅದನ್ನೇ ಮೊದಲು ನೋಡೋಣ.

ನಾಲ್ಕು ವರ್ಷದ ಮಗುವಿಗೆ, ಮುಖ ಮುಚ್ಚಿದರೆ ಉಸಿರು ಕಟ್ಟುತ್ತದೆ ಎಂಬ ಲೆಕ್ಕ ಇರುವುದಿಲ್ಲ. ಸಾವು ಎಂದರೆ ಮತ್ತೆ ವಾಪಸ್ ಬಾರದೆ ಇರುವುದು ಎಂಬುದೂ ಆ ವಯಸ್ಸಿಗೆ ಪೂರ್ತಿ ತಿಳಿಯುವುದಿಲ್ಲ. "ಇವನು ಸ್ವಲ್ಪ ಹೊತ್ತು ಕಾಣದಿರಲಿ" ಎಂದುಕೊಂಡಿರಬಹುದು. ನೀವು ಹೊದೆಸುವುದನ್ನು ನೋಡಿ ತಾನೂ ಹೊದೆಸಿರಬಹುದು. ಸಿಟ್ಟೂ ಇದ್ದಿರಬಹುದು. ಮೂರೂ ಒಟ್ಟಿಗೆ ಇರುವುದೂ ಉಂಟು. ಕೊಲ್ಲುವ ಯೋಚನೆ ಎಂದು ನಾವು ದೊಡ್ಡವರು ಓದಿಕೊಳ್ಳುವುದು ತಪ್ಪು. ಆದರೆ ಅವಳ ಮನಸ್ಸಿನಲ್ಲಿ ಏನೇ ಇರಲಿ, ಮಗುವಿಗೆ ಅಪಾಯ ಅಷ್ಟೇ ಇದೆ. ಹಾಗಾಗಿ ಇನ್ನು ಕೆಲವು ತಿಂಗಳು ಇಬ್ಬರನ್ನೂ ಒಂದೇ ಕಡೆ ಬಿಟ್ಟು ಯಾರೂ ಹೋಗಬೇಡಿ. ಒಂದು ನಿಮಿಷಕ್ಕೂ ಬೇಡ. ಬಚ್ಚಲಿಗೆ ಹೋಗುವಾಗ ಅತ್ತೆಯನ್ನು ಕೂರಿಸಿ ಹೋಗಿ. ಅವರೂ ಇಲ್ಲದಿದ್ದರೆ ಮಗಳನ್ನು ಜೊತೆಗೇ ಕರೆದುಕೊಳ್ಳಿ. "ನಂಗೆ ಸೋಪು ಹಿಡ್ಕೊಂಡು ನಿಲ್ಲು ಬಾ" ಅಂದರೆ ಸಾಕು, ಅವಳಿಗೆ ಅದು ಶಿಕ್ಷೆ ಅನಿಸುವುದಿಲ್ಲ.

ತೊಟ್ಟಿಲಿನಿಂದ ದಿಂಬು, ಸಡಿಲ ಚಾದರ ತೆಗೆದುಬಿಡಿ. ಒಂದು ವರ್ಷದೊಳಗಿನ ಮಗುವಿಗೆ, ಅಕ್ಕ ಇರಲಿ ಇಲ್ಲದಿರಲಿ, ಅವು ಬೇಡವೇ ಬೇಡ. ಏಳು ತಿಂಗಳಿಗೆ ಮಗು ಎದ್ದು ಕೂರಲು ನೋಡುತ್ತದೆ. ತೂಗುವ ತೊಟ್ಟಿಲು, ಸೀರೆಯ ಜೋಲಿ ಎರಡೂ ಈಗ ಬೀಳುವ ಜಾಗಗಳು. ಜೊತೆಗೆ ಮಕ್ಕಳು ಜೋರಾಗಿ ತೂಗುತ್ತಾರೆ. ನೆಲದ ಮೇಲೆ ಗಟ್ಟಿ ಹಾಸಿಗೆ ಹಾಕಿ ಮಲಗಿಸುವುದು ವಾಸಿ. ಇನ್ನೊಂದು ಮಾತು. ದೊಡ್ಡ ಮಕ್ಕಳು ಪ್ರೀತಿಯಿಂದಲೂ ಅಪಾಯ ಮಾಡುತ್ತಾರೆ. ತಾನು ತಿನ್ನುವ ಶೇಂಗಾವನ್ನು ತಮ್ಮನ ಬಾಯಿಗೂ ಹಾಕುತ್ತಾರೆ. ನಮ್ಮ ಕಡೆ ಮನೆಗಳಲ್ಲಿ ಅಡಿಕೆ ಚೂರು, ಹುಣಸೆ ಬೀಜ, ಚಿಲ್ಲರೆ ದುಡ್ಡು ಕೈಗೆ ಸಿಗುವ ಹಾಗೆಯೇ ಬಿದ್ದಿರುತ್ತವೆ. ಕವಳದ (ಎಲೆಯಡಿಕೆಯ) ಬಟ್ಟಲನ್ನು ಎತ್ತರಕ್ಕೆ ಇಡಲು ಅತ್ತೆಗೂ ಹೇಳಿ.

ಇಷ್ಟು ಬಂದೋಬಸ್ತು ಆದರೆ ನೀವು ಕಾವಲುಗಾರರ ಹಾಗೆ ಅವಳ ಕೈಯನ್ನೇ ನೋಡುತ್ತಾ ಕೂರಬೇಕಿಲ್ಲ. ಆ ನೋಟ ಮಕ್ಕಳಿಗೆ ಬೇಗ ತಿಳಿಯುತ್ತದೆ. "ನಾನು ಹತ್ತಿರ ಹೋದರೆ ಆಯಿ ಹೆದರುತ್ತಾಳೆ" ಎಂದು ಗೊತ್ತಾದ ಮಗು ಬೇಕೆಂದೇ ಹತ್ತಿರ ಹೋಗುತ್ತದೆ. ಆಯಿ ತಿರುಗಿ ನೋಡುವುದಕ್ಕೆ ಅದೊಂದು ದಾರಿ ಸಿಕ್ಕಿತಲ್ಲ!

ಈಗ ಕಾರಣಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟ ವಿಷಯವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ದೀಪಾವಳಿಯಿಂದ ಹೋಳಿ ಹುಣ್ಣಿಮೆ ಅಂದರೆ ನಾಲ್ಕು ತಿಂಗಳಿಗೂ ಮೇಲೆ. ಅವಳಿಗಾಗ ಮೂರೂವರೆ ವರ್ಷ. ದಿನಾ ಪಕ್ಕದಲ್ಲಿ ಮಲಗುತ್ತಿದ್ದ ಆಯಿ ಒಂದು ದಿನ ಬಸ್ಸು ಹತ್ತಿ ಘಟ್ಟದ ಮೇಲೆ ಹೋದಳು. ಅಪ್ಪಯ್ಯನ ಜೊತೆ ನಡುವೆ ನೋಡಲು ಬಂದಿದ್ದಿರಬಹುದು. ಆಗಲೂ ಬಾಣಂತಿ ಕೋಣೆಗೆ ಜಾಸ್ತಿ ಹೊತ್ತು ಬಿಟ್ಟಿರಲಿಕ್ಕಿಲ್ಲ. ಸಂಜೆಗೆ ಅಳುತ್ತಾ ಬಸ್ಸಿನಲ್ಲಿ ವಾಪಸ್. ಕೊನೆಗೆ ಆಯಿ ಮನೆಗೆ ಬಂದಾಗ ಮಡಿಲಲ್ಲಿ ಬೇರೆ ಮಗು. ಮತ್ತೆ ಮೂರು ತಿಂಗಳಾಗುವಷ್ಟರಲ್ಲಿ ಅವಳನ್ನೇ ಬೆಳಿಗ್ಗೆ ಎಬ್ಬಿಸಿ, ಸಮವಸ್ತ್ರ ಹಾಕಿ, ಹೊಸ ಶಾಲೆಗೆ ಕಳಿಸಿದಿರಿ. ಮನೆಯಲ್ಲಿ ಆಯಿ ಮತ್ತು ಆ ಮಗು ಇಬ್ಬರೇ ಉಳಿದರು. ಇದನ್ನೆಲ್ಲ ಅವಳ ಎತ್ತರಕ್ಕೆ ಬಗ್ಗಿ ನೋಡಿದರೆ ಬೆಳಗಿನ ಹೊಟ್ಟೆನೋವಿಗೆ ಕಾರಣ ಹುಡುಕಬೇಕಾಗಿಲ್ಲ, ಅಲ್ವಾ?

ನೀವು ತಪ್ಪು ಮಾಡಿದಿರಿ ಎಂದು ಇದನ್ನು ಹೇಳುತ್ತಿಲ್ಲ. ತವರಿನ ಬಾಣಂತನ ನಮ್ಮ ಹೆಣ್ಣುಮಕ್ಕಳಿಗೆ ಸಿಗುವ ದೊಡ್ಡ ಆಸರೆ. ಎಣ್ಣೆ, ಬಿಸಿನೀರು, ನಿದ್ದೆ, ಅಮ್ಮನ ಕೈಯ ಊಟ, ಅದು ಬೇಕೇ ಬೇಕು. ಆದರೆ ಮೊದಲ ಮಗುವನ್ನು ಎಲ್ಲಿ ಬಿಡುವುದು ಎಂಬ ಮಾತು ಬಂದಾಗ ನಾವು ಶಾಲೆಯ ಲೆಕ್ಕ, ಬಸ್ಸಿನ ಲೆಕ್ಕ ಹಾಕುತ್ತೇವೆ. ಮಗುವಿನ ಲೆಕ್ಕ ಕೊನೆಗೆ. ಇದನ್ನು ಓದುತ್ತಿರುವ ಬಸುರಿಯರಿದ್ದರೆ ಕೇಳಿಕೊಳ್ಳುತ್ತೇನೆ. ಆಗುವುದಾದರೆ ದೊಡ್ಡ ಮಗುವನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅಂಗನವಾಡಿ ನಾಲ್ಕು ತಿಂಗಳು ತಪ್ಪಿದರೆ ಏನೂ ಮುಳುಗುವುದಿಲ್ಲ.

ಚಿವುಟಿಸಿಕೊಳ್ಳುವವನು ತಮ್ಮನೇ ಆದರೂ, ನಾವು ಹೊಟ್ಟೆಕಿಚ್ಚು ಎಂದು ಕರೆಯುವುದರಲ್ಲಿ ತಮ್ಮನ ಪಾಲು ಕಡಿಮೆ, ಆಯಿಯ ಪಾಲೇ ಜಾಸ್ತಿ. "ನೀನು ಮತ್ತೆ ಹೋಗ್ತೀಯಾ? ನಾನು ನಿನಗೆ ಇನ್ನೂ ಬೇಕಾ?" ಎಂದು ಅವಳು ಕೇಳುತ್ತಿದ್ದಾಳೆ. ಬಾಯಲ್ಲಿ ಕೇಳಲು ಬರದು, ಕೈಯಲ್ಲಿ ಕೇಳುತ್ತಾಳೆ.

ಮಕ್ಕಳನ್ನು ನೋಡುವ ನನ್ನ ಕೋಣೆಯಲ್ಲಿ ಮರದ ಪುಟ್ಟ ಮನೆ, ಒಂದು ಆಟದ ಬಸ್ಸು, ಕೆಲವು ಬಟ್ಟೆ ಗೊಂಬೆ ಇವೆ. ಮಾತಾಡದ ಮಕ್ಕಳನ್ನು ಅದರ ಮುಂದೆ ಕೂರಿಸಿ ಸುಮ್ನೆ ನೋಡುತ್ತೇನೆ. ಇದೇ ವಯಸ್ಸಿನ ಒಬ್ಬ ಹುಡುಗಿ, ತಂಗಿಯ ಕೆನ್ನೆ ಕಚ್ಚಿದಳು ಎಂದು ಮನೆಯವರು ಕರೆತಂದವಳು, ಪುಟ್ಟ ಗೊಂಬೆಯನ್ನು ಎಸೆಯುತ್ತಾಳೆ ಎಂದು ಅವಳ ತಾಯಿ ಕಾಯುತ್ತಿದ್ದರು. ಅವಳು ಎಸೆಯಲಿಲ್ಲ. ಅದನ್ನು ಮೆತ್ತಗೆ ಮಲಗಿಸಿ, ಬಟ್ಟೆ ಹೊದೆಸಿ, "ಶ್" ಎಂದಳು. ಅಜ್ಜಿ ಗೊಂಬೆಯನ್ನು ಪಕ್ಕಕ್ಕೆ ಕೂರಿಸಿದಳು. ಆಮೇಲೆ ಅಮ್ಮನ ಗೊಂಬೆ, ಹುಡುಗಿ ಗೊಂಬೆ ಎರಡನ್ನೂ ಬಸ್ಸಿನ ಕಿಟಕಿ ಪಕ್ಕ ಕೂರಿಸಿ ಕೋಣೆ ತುಂಬ ಓಡಿಸಿದಳು. ಮಕ್ಕಳು ಇಂಥ ಆಟದಲ್ಲಿ ತಂಗಿ ತಮ್ಮ ಇಲ್ಲವಾಗಲಿ ಎಂದು ತೋರಿಸುವುದಕ್ಕಿಂತ ಅಮ್ಮ ನನ್ನ ಜೊತೆ ಬರಲಿ ಎಂದು ತೋರಿಸುವುದೇ ಹೆಚ್ಚು.

ಇದು ಕಲಿತು ಬಂದ ಕೆಟ್ಟ ಗುಣವೂ ಅಲ್ಲ. ಸಿಬಿಲ್ ಹಾರ್ಟ್ ಎಂಬ ಅಮೆರಿಕದ ಸಂಶೋಧಕಿ ಆರು ತಿಂಗಳ ಕೂಸುಗಳನ್ನೇ ಇಟ್ಟುಕೊಂಡು ನೋಡಿದ್ದರು. ತಾಯಿ ತನ್ನ ಮಗುವನ್ನು ಬಿಟ್ಟು ಪುಸ್ತಕ ಓದುತ್ತಾ ಕೂತರೆ ಮಗು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ತಾಯಿ ಮಗುವಿನ ಹಾಗೇ ಕಾಣುವ ಗೊಂಬೆಯನ್ನು ಮುದ್ದು ಮಾಡಿದರೆ ಕೂಸುಗಳು ಜಾಸ್ತಿ ಕಳವಳಗೊಂಡವು. ಆರು ತಿಂಗಳ ಮಗುವಿಗೆ ಯಾರು ಹೇಳಿಕೊಟ್ಟಾರು? ಮಗು ಬದುಕಬೇಕಾದರೆ ನೋಡಿಕೊಳ್ಳುವವರು ತನ್ನ ಕಡೆ ಇರಬೇಕು. ಅದು ತಪ್ಪುತ್ತಿದೆ ಅನಿಸಿದಾಗ ಕೂಗುವುದು ಹುಟ್ಟಿನಿಂದಲೇ ಬಂದದ್ದು. ಅಂದ ಹಾಗೆ ನಿಮ್ಮ ಮಗನಿಗೂ ಈಗ ಅದೇ ವಯಸ್ಸು. ಮಗಳನ್ನು ಮಡಿಲಿಗೆ ಎಳೆದುಕೊಂಡರೆ ಅವನೂ ರಾಗ ತೆಗೆಯುತ್ತಾನೆ, ನೋಡುತ್ತಿರಿ. ಅವನಿಗೆ ಮಾತ್ರ ಯಾರೂ ಹೊಟ್ಟೆಕಿಚ್ಚಿನವನು ಎಂದು ಹೆಸರಿಡುವುದಿಲ್ಲ.

ಹೆಸರಿಡುವುದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಮಗು ನೋಡಲು ಬಂದ ನೆಂಟರು ಏನೇನು ಹೇಳುತ್ತಾರೆ ಎಂದು ನೆನಪು ಮಾಡಿಕೊಳ್ಳಿ. "ಇನ್ನು ನಿನ್ನ ಯಾರೂ ಕೇಳೋರಿಲ್ಲ ಬಿಡು." "ತಮ್ಮನ್ನ ನಾನು ಹೊತ್ಕೊಂಡು ಹೋಗ್ತೆ, ಅಡ್ಡಿಲ್ಯಾ?" "ನಿನ್ನ ತೌಡು ಕೊಟ್ಟು ತಂದಿದ್ದು, ಇವ ಮಾತ್ರ ನಿಜವಾದ ಮಗ." ಹೇಳುವವರಿಗೆ ತಮಾಷೆ. ನಾಲ್ಕು ವರ್ಷದವಳಿಗೆ ಅದು ಸುದ್ದಿ. ಅದರಲ್ಲೂ ಆಯಿ ನಿಜವಾಗಿಯೂ ನಾಲ್ಕು ತಿಂಗಳು ಹೋಗಿ ಬಂದ ಮನೆಯಲ್ಲಿ ಇದು ಸುಳ್ಳು ಎಂದು ಅವಳು ಹೇಗೆ ನಂಬಬೇಕು? ಯಾರೇ ಹೇಳಲಿ, ಹಿರಿಯರೇ ಇರಲಿ, ಅವಳ ಎದುರಿಗೇ ತಿದ್ದಿ. "ಹಾಗೆಲ್ಲ ಇಲ್ಲ. ಇವಳು ನನ್ನ ದೊಡ್ಡ ಮಗಳು, ಎಲ್ಲೂ ಕೊಡೋದಿಲ್ಲ" ಎಂದು ನಗುನಗುತ್ತಲೇ ಹೇಳಿ. ಬಂದವರು ಮೊದಲು ಅವಳನ್ನು ಮಾತಾಡಿಸಿ ಆಮೇಲೆ ಮಗು ನೋಡಲಿ. ಇದನ್ನು ಹೇಳಲು ಸಂಕೋಚ ಬೇಡ.

ನಿಮ್ಮ ಅತ್ತೆಯ ಮಾತಿಗೆ ಬರೋಣ. ಒಂದೇ ನಕ್ಷತ್ರದ ಕಾರಣಕ್ಕೆ ಮಕ್ಕಳು ಜಗಳವಾಡುವುದಿಲ್ಲ. ಬೇರೆ ಬೇರೆ ನಕ್ಷತ್ರದ ಮಕ್ಕಳೂ ಹೀಗೇ ಚಿವುಟುತ್ತಾರೆ. ಶಾಂತಿ ಮಾಡಿಸಿದರೆ ಅತ್ತೆಯ ಮನಸ್ಸಿಗೆ ಸಮಾಧಾನ ಅನ್ನುವುದಾದರೆ ಮಾಡಿಸಿ, ಅದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಎರಡು ಷರತ್ತು. "ನಿನ್ನಿಂದ ತಮ್ಮನಿಗೆ ದೋಷ" ಎಂಬ ಮಾತು ಅವಳ ಕಿವಿಗೆ ಬೀಳಬಾರದು. ಮತ್ತೆ, ಶಾಂತಿ ಆಯಿತಲ್ಲ ಎಂದು ಉಳಿದದ್ದನ್ನು ಬಿಡಬಾರದು. ದೋಷ ತನ್ನಲ್ಲೇ ಇದೆ ಎಂದು ನಂಬಿದ ಮಗು ಅದನ್ನು ಬಹಳ ವರ್ಷ ಹೊತ್ತುಕೊಂಡು ಓಡಾಡುತ್ತದೆ. ಅಂಥವರನ್ನು ದೊಡ್ಡವರಾದ ಮೇಲೂ ಕಂಡಿದ್ದೇನೆ.

ನಾದಿನಿಯ ಸಲಹೆ ಬೇಡ. ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ತವರಿನಲ್ಲಿ ಅಮ್ಮಮ್ಮ ಎಷ್ಟೇ ಪ್ರೀತಿ ಮಾಡಲಿ, ಅವಳಿಗೆ ಆಗುವುದು ಒಂದೇ ಅರ್ಥ: ತಮ್ಮ ಉಳಿದ, ನನ್ನನ್ನು ಕಳಿಸಿದರು. ಯಾವ ಭಯದಿಂದ ಇಷ್ಟೆಲ್ಲ ಆಗುತ್ತಿದೆಯೋ ಅದನ್ನೇ ನೀವು ನಿಜ ಮಾಡಿದ ಹಾಗಾಗುತ್ತದೆ. ಅಲ್ಲಿ ಅವಳು ಬಹಳ ಒಳ್ಳೆಯವಳಾಗಿ ಇರಬಹುದು. ನೋಡಿ ಸರಿಹೋದಳು ಎಂದು ಎಲ್ಲರೂ ಹೇಳಬಹುದು. ಹೆದರಿದ ಮಕ್ಕಳು ಹಾಗೆ ಸುಮ್ಮನಾಗುವುದಿದೆ. ಇನ್ನೊಂದು ನಷ್ಟವೂ ಇದೆ. ಅಕ್ಕ ತಮ್ಮ ಹತ್ತಿರವಾಗುವುದು ದಿನಾ ಒಟ್ಟಿಗೆ ಇದ್ದು, ಕಿತ್ತಾಡಿ, ನಕ್ಕು. ಒಂದು ವರ್ಷ ಕಳೆದು ಬಂದವಳಿಗೆ ಮನೆಯಲ್ಲಿ ಓಡಾಡುವ, ಎಲ್ಲವೂ ತನ್ನದು ಎನ್ನುವ ತಮ್ಮ ಎದುರಾಗುತ್ತಾನೆ. ನಿಮಗೆ ನಿಜಕ್ಕೂ ಸುಸ್ತಾಗಿ, ನಾಲ್ಕು ದಿನದ ಆಸರೆ ಬೇಕಿದ್ದರೆ ನಿಮ್ಮ ಅಮ್ಮನನ್ನೇ ಕುಮಟೆಗೆ ಕರೆಸಿಕೊಳ್ಳಿ. ಅಥವಾ ಮಳೆಗಾಲ ಮುಗಿದ ಮೇಲೆ ಮೂವರೂ ಹೋಗಿ ಬನ್ನಿ.

"ದೊಡ್ಡವರಾದ ಮೇಲೆ ತಾನಾಗೇ ಸರಿಹೋಗುತ್ತದೆ" ಎಂದು ಹೇಳುವವರೂ ಇದ್ದಾರೆ. ಅದರಲ್ಲಿ ಅರ್ಧ ನಿಜ. ಮಿಶಿಗನ್ ವಿಶ್ವವಿದ್ಯಾಲಯದ ಬ್ರೆಂಡಾ ವೋಲಿಂಗ್ ಅವರ ತಂಡ 241 ಕುಟುಂಬಗಳನ್ನು ತಾಯಿ ಎರಡನೆಯ ಬಸಿರಿನಲ್ಲಿದ್ದಾಗಿನಿಂದ ಮಗುವಿಗೆ ಒಂದು ವರ್ಷ ಆಗುವವರೆಗೆ ಗಮನಿಸಿತ್ತು. ಹೆಚ್ಚಿನ ಮಕ್ಕಳು ಈ ಬದಲಾವಣೆಯನ್ನು ದೊಡ್ಡ ಆಘಾತವಿಲ್ಲದೆ ದಾಟಿದ್ದರು. ಎರಡನೆಯ ಮಗು ಬಂದರೆ ಮೊದಲನೆಯದರ ಮನಸ್ಸು ಮುರಿದೇ ಹೋಗುತ್ತದೆ ಎಂಬುದು ಸುಳ್ಳು. ಹಿರಿಯ ಮಗು ಎಂದರೆ ಹೀಗೇ, ಕಿರಿಯದು ಹಾಗೇ ಎಂಬ ನಂಬಿಕೆಗೂ ಬುಡ ಗಟ್ಟಿ ಇಲ್ಲ. ಅಮೆರಿಕ, ಬ್ರಿಟನ್, ಜರ್ಮನಿಯ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ 2015ರ ಅಧ್ಯಯನದಲ್ಲಿ ಹುಟ್ಟಿದ ಕ್ರಮದಿಂದ ಸ್ವಭಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಈಗ ಚಿವುಟುವವಳು ಮುಂದೆಯೂ ಹೊಟ್ಟೆಕಿಚ್ಚಿನವಳೇ ಆಗುತ್ತಾಳೆ ಎಂದು ಬರೆದಿಡಬೇಡಿ. ಆದರೆ ಸುಮ್ಮನೆ ಬಿಟ್ಟರೆ ಅಪಾಯ ಬೇರೆ ಕಡೆಯಿಂದ ಬರುತ್ತದೆ. ದಿನಾ ಬೈಸಿಕೊಳ್ಳುವ ಮಗು ಅದನ್ನೇ ತನ್ನ ಗುರುತು ಮಾಡಿಕೊಳ್ಳುತ್ತದೆ. ಹೊಡೆದು ನಿಲ್ಲಿಸಿದರೆ ಚಿವುಟುವುದು ನಿಮ್ಮ ಎದುರು ನಿಲ್ಲುತ್ತದೆ, ಬೆನ್ನ ಹಿಂದೆ ನಡೆಯುತ್ತದೆ. ಏಳು ತಿಂಗಳ ಮಗು ಇರುವ ಮನೆಗೆ ಅದು ಇನ್ನೂ ಕಷ್ಟ.

ಹಾಗಾದರೆ ಏನು ಮಾಡುವುದು? ಮೊದಲು ಆ ಏಟಿನ ವಿಷಯ ಮುಗಿಸಿ. ಅವಳು ನಿಮ್ಮಿಂದ ದೂರ ಇರುವುದು ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ, ಹೆದರಿಕೆಗೆ. ಅವಳಾಗಿ ಬರಲಿ ಎಂದು ಕಾಯಬೇಡಿ. ಮಗು ಮಲಗಿದಾಗ ಹತ್ತಿರ ಹೋಗಿ ಕೂತು ಹೇಳಿ: "ಅವತ್ತು ನಾನು ಹೊಡೆದೆ. ನಂಗೆ ಬಹಳ ಹೆದರಿಕೆ ಆಗಿತ್ತು. ಹೊಡೆಯಬಾರದಿತ್ತು. ಮುಖ ಮುಚ್ಚಿದರೆ ತಮ್ಮಂಗೆ ಉಸಿರಾಡೋಕೆ ಆಗೋದಿಲ್ಲ, ಅದಕ್ಕೆ ಹಾಗೆ ಮಾಡಬಾರದು. ನಿಂಗೆ ಸಿಟ್ಟು ಬಂದ್ರೆ ನನ್ನ ಹತ್ರ ಬಂದು ಹೇಳು." ಇಷ್ಟೇ ಸಾಕು. "ಇನ್ನೊಮ್ಮೆ ಮಾಡಲ್ಲ ಅಂತ ಹೇಳು" ಎಂದು ಒತ್ತಾಯಿಸಬೇಡಿ. ಅವಳು ಉತ್ತರ ಕೊಡದೆ ಓಡಿಹೋದರೂ ಪರವಾಗಿಲ್ಲ, ಕೇಳಿಸಿಕೊಂಡಿರುತ್ತಾಳೆ.

ಆಮೇಲಿನದು ನನ್ನ ಪ್ರಕಾರ ಬಹಳ ಮುಖ್ಯ. ಇಂಥ ಮನೆಗಳಲ್ಲಿ ಎಲ್ಲರೂ ದೊಡ್ಡ ಮಗುವನ್ನೇ ಹೊರಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪಯ್ಯ ಅವಳನ್ನು ಸಮುದ್ರದ ಕಡೆ ಕರೆದೊಯ್ಯುತ್ತಾರೆ. ಅಜ್ಜಿ ಪಕ್ಕಕ್ಕೆ ಮಲಗಿಸಿಕೊಳ್ಳುತ್ತಾರೆ. ಆಯಿಗೆ ಮಗುವಿನ ಜೊತೆ ಆರಾಮ ಇರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ. ಆದರೆ ಅವಳಿಗೆ ಬೇಕಾಗಿರುವುದು ಸಮುದ್ರ ಅಲ್ಲ, ನೀವು. ಇದನ್ನು ತಿರುಗಿಸಿ. ಹಾಲು ಕುಡಿದು ಹೊಟ್ಟೆ ತುಂಬಿದ ಮಗನನ್ನು ಭಾನುವಾರ ಅವನ ಅಪ್ಪಯ್ಯ ಎತ್ತಿಕೊಳ್ಳಲಿ. ಉಳಿದ ದಿನ ಅತ್ತೆ ಎತ್ತಿಕೊಳ್ಳಲಿ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ನೀವು ಮಗಳ ಜೊತೆ ಮಾತ್ರ ಇರಿ. ಮಳೆ ಹೊಯ್ಯುತ್ತಿದ್ದರೆ ಜಗುಲಿಯ ಮೆಟ್ಟಿಲಿನಲ್ಲಿ ಕೂತು ಅಂಗಳದ ನೀರಿಗೆ ಕಾಗದದ ದೋಣಿ ಬಿಡಿ. ಏನು ಆಡಬೇಕು ಎಂದು ಅವಳೇ ಹೇಳಲಿ. ಮೊಬೈಲು ಒಳಗಿರಲಿ. ಒಳಗೆ ಮಗು ಅತ್ತರೂ ಅತ್ತೆ ಸ್ವಲ್ಪ ಹೊತ್ತು ಸಮಾಧಾನ ಮಾಡಲಿ. "ತಮ್ಮ ಸ್ವಲ್ಪ ತಡೀಲಿ, ಈಗ ನಿನ್ನ ಹೊತ್ತು" ಎಂದು ಅವಳು ಒಮ್ಮೆಯಾದರೂ ಕೇಳಬೇಕು. ಇಲ್ಲಿಯವರೆಗೆ ತಡೆಯಬೇಕಾದವಳು ಬರೀ ಅವಳೇ ಆಗಿದ್ದಾಳೆ. ದಿನಾ ಅದೇ ಹೊತ್ತಿಗೆ ಆದರೆ ಒಳ್ಳೆಯದು. ನಾಳೆಯೂ ಸಿಗುತ್ತದೆ ಎಂದು ಗೊತ್ತಾದ ಮೇಲೆ ಇವತ್ತು ಕಿತ್ತುಕೊಳ್ಳುವ ಆತುರ ಕಡಿಮೆಯಾಗುತ್ತದೆ.

ರಾತ್ರಿಯೂ ಹಾಗೆಯೇ. ಅವಳು ಒಪ್ಪಿದರೆ ನಿಮ್ಮ ಪಕ್ಕಕ್ಕೆ ವಾಪಸ್ ಕರೆದುಕೊಳ್ಳಿ. ನಡುವೆ ನೀವು, ಒಂದು ಬದಿಗೆ ಮಗಳು. ಇನ್ನೊಂದು ಬದಿಗೆ ಮಗನ ಹಾಸಿಗೆ ಬೇರೆಯಾಗಿಯೇ ಇರಲಿ. ಮಕ್ಕಳಿಬ್ಬರೂ ಅಕ್ಕಪಕ್ಕ ಬೇಡ.

ಕಷ್ಟದ ಹೊತ್ತು ಯಾವುದು ಎಂದು ಗಮನಿಸಿದರೆ ನಿಮಗೇ ಗೊತ್ತಾಗುತ್ತದೆ: ಹಾಲು ಕುಡಿಸುವಾಗ, ಸ್ನಾನ ಮಾಡಿಸುವಾಗ, ಮಲಗಿಸುವಾಗ. ಆ ಹೊತ್ತಿಗೆ "ಹೊರಗೆ ಹೋಗಿ ಆಡು, ಗಲಾಟೆ ಮಾಡಬೇಡ" ಎಂದರೆ ಬಾಗಿಲ ಹೊರಗೆ ನಿಂತ ಮಗು ಏನು ಮಾಡುತ್ತದೆ ಎಂದು ಹೇಳಬೇಕಾಗಿಲ್ಲ. ಹಾಲು ಕುಡಿಸಲು ಕೂರುವ ಮೊದಲೇ ಅವಳನ್ನೂ ಪಕ್ಕಕ್ಕೆ ಕರೆಯಿರಿ. ಒಂದು ಡಬ್ಬಿಯಲ್ಲಿ ಬಣ್ಣದ ಕಡ್ಡಿ, ಹಳೇ ಬಳೆ, ಚಿತ್ರದ ಪುಸ್ತಕ ಹಾಕಿಡಿ. ಆ ಡಬ್ಬಿ ಹಾಲು ಕುಡಿಸುವ ಹೊತ್ತಿಗೆ ಮಾತ್ರ ತೆರೆಯಲಿ. ಒಂದು ಕೈ ಖಾಲಿ ಇರುತ್ತದಲ್ಲ, ಅದು ಅವಳ ಬೆನ್ನ ಮೇಲಿರಲಿ. ಕಥೆ ಹೇಳಿ. ನೀವು ಹಾಲು ಕುಡಿಸಿದಷ್ಟು ಹೊತ್ತೂ ಅವಳಿಗೆ ಕಥೆ ಸಿಗುತ್ತದೆ ಎಂದಾದರೆ ತಮ್ಮನ ಹಸಿವು ಅವಳಿಗೂ ಲಾಭವೇ.

ತಮ್ಮನ ಬಗ್ಗೆ ಅವಳ ಹತ್ತಿರ ಹೇಗೆ ಮಾತಾಡಬೇಕು ಎಂಬುದಕ್ಕೆ ಒಂದು ಹಳೆಯ, ಬಹಳ ಉಪಯೋಗದ ಅಧ್ಯಯನ ಇದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜೂಡಿ ಡನ್ ಮತ್ತು ಕ್ಯಾರಲ್ ಕೆಂಡ್ರಿಕ್ ಎಂಬವರು 40 ಕುಟುಂಬಗಳ ಮನೆಗೇ ಹೋಗಿ, ಎರಡನೆಯ ಮಗು ಹುಟ್ಟುವ ಮೊದಲು ಮತ್ತು ಹುಟ್ಟಿದ ಮೇಲೆ ಕೂತು ನೋಡಿ ಬರೆದುಕೊಂಡಿದ್ದರು. 1982ರಲ್ಲಿ ಅದು ಪ್ರಕಟವಾಯಿತು. ಹುಟ್ಟಿದ ಮೊದಲ ವಾರಗಳಿಂದಲೇ ಕೂಸಿಗೂ ಮನಸ್ಸಿದೆ, ಬೇಕುಬೇಡಗಳಿವೆ ಎಂದು ದೊಡ್ಡ ಮಗುವಿನ ಹತ್ತಿರ ಮಾತಾಡುತ್ತಿದ್ದ ತಾಯಂದಿರ ಮನೆಗಳಲ್ಲಿ, ತಿಂಗಳುಗಳು ಕಳೆದಂತೆ ಮಕ್ಕಳ ನಡುವೆ ಸ್ನೇಹ ಹೆಚ್ಚು ಕಂಡಿತ್ತು. "ಯಾಕೆ ಅಳ್ತಾ ಇದ್ದಾನೆ? ಹಸಿವಾ? ಸೆಖೆಯಾ? ನಿಂಗೆ ಏನನ್ನಿಸ್ತದೆ?" ಇಷ್ಟೇ. ಅವಳು "ಸೊಳ್ಳೆ ಕಚ್ಚಿತು" ಅಂದರೆ ಅಂಗಿ ಎತ್ತಿ ನೋಡಿ. ಅವನು ಅವಳ ಕಡೆ ನೋಡಿ ನಕ್ಕಾಗ "ನೋಡು, ನಿನ್ನ ನೋಡಿ ನಗ್ತಾ ಇದ್ದಾನೆ" ಎನ್ನಿ. ಆದರೆ ನಗದೆ ಇದ್ದಾಗ ಹೇಳಬೇಡಿ. "ತಮ್ಮಂಗೆ ನೀನಂದ್ರೆ ಜೀವ" ಎಂಬ ಸುಳ್ಳು ಬೇಡ. ಏಳು ತಿಂಗಳ ಮಗುವಿಗೆ ಅಕ್ಕ ಅಂದರೆ ಬೆರಗು. ಅದನ್ನು ಹೆಚ್ಚಿಸಿ ಹೇಳಬೇಕಾಗಿಲ್ಲ, ತೋರಿಸಿದರೆ ಸಾಕು.

ಪ್ರೀತಿ ತೋರಿಸು ಎಂದು ಒತ್ತಾಯವೂ ಬೇಡ. "ತಮ್ಮಂಗೆ ಮುತ್ತು ಕೊಡು", "ನೀನು ದೊಡ್ಡಕ್ಕ, ನೀನೇ ಬಿಟ್ಟುಕೊಡಬೇಕು", ಈ ಎರಡು ಮಾತನ್ನು ಮನೆಯಲ್ಲಿ ಎಲ್ಲರೂ ಬಿಟ್ಟುಬಿಡಿ. ನಾಲ್ಕು ವರ್ಷ ಅಂದರೆ ದೊಡ್ಡದಲ್ಲ. ಪಕ್ಕದಲ್ಲಿ ಚಿಕ್ಕದೊಂದು ಬಂದಿದ್ದರಿಂದ ದೊಡ್ಡದಾಗಿ ಕಾಣುತ್ತಿದೆ, ಅಷ್ಟೆ. ಸಣ್ಣಪುಟ್ಟ ಕೆಲಸ ಕೊಡಬಹುದು. ಟವೆಲ್ ತರುವುದು, ಇವತ್ತು ಯಾವ ಅಂಗಿ ಎಂದು ಆರಿಸುವುದು. ಬೇಡ ಎಂದರೆ ಬಿಟ್ಟುಬಿಡಿ. ತಮ್ಮನ ಕೆಲಸ ಮಾಡಿದರೆ ಮಾತ್ರ ಹೊಗಳಿಕೆ ಸಿಗುತ್ತದೆ ಎಂದಾಗಬಾರದು. ಬಾಟಲಿ ಬೇಕು ಎಂದಾಗ ಬೈಯದೆ, ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು "ಇದು ನನ್ನ ಮೊದಲನೇ ಕೂಸು" ಎಂದು ತೂಗಿ. ಹಾಲು ಲೋಟದಲ್ಲೇ ಕೊಡಿ. ನೀನು ಇಷ್ಟೇ ಇದ್ದೆ, ಹೀಗೆ ಅಳ್ತಿದ್ದೆ ಎಂದು ಅವಳ ಕೂಸಿನ ಕಾಲದ ಫೋಟೋ ತೋರಿಸಿ. ಮಕ್ಕಳು ಇದನ್ನು ಕೆಲವು ದಿನ ಆಡಿ ಬಿಟ್ಟುಬಿಡುತ್ತಾರೆ. ತಡೆದರೆ ಎಳೆಯುತ್ತದೆ.

ಚಿವುಟಿದಾಗ? ಭಾಷಣ ಬೇಡ. ಅವಳ ಕೈ ಹಿಡಿಯಿರಿ, ಗಟ್ಟಿಯಾಗಿ, ನೋವಾಗದ ಹಾಗೆ. "ಚಿವುಟೋಕೆ ಬಿಡೋದಿಲ್ಲ." ಮಗನನ್ನು ಎತ್ತಿ ಅತ್ತೆಗೆ ಕೊಟ್ಟು ಅವಳ ಹತ್ತಿರ ಕೂರಿ. ಚಿವುಟಿದವಳಿಗೇ ಮುದ್ದು ಸಿಕ್ಕಿತು ಎಂದು ಮನೆಯವರು ಹೇಳಬಹುದು. ಮುದ್ದು ಬೇಡ, ಜೊತೆಗೆ ಕೂತರೆ ಸಾಕು. ಅವಳು ಶಾಂತಳಾದ ಮೇಲೆ "ಸಿಟ್ಟು ಬಂತಾ?" ಎಂದು ಕೇಳಿ. "ತಮ್ಮ ಬೇಡ" ಎಂದರೆ "ಛೀ, ಹಾಗನ್ನಬಾರದು" ಎಂದು ಬಾಯಿ ಮುಚ್ಚಿಸಬೇಡಿ. "ಒಂದೊಂದ್ಸಲ ಬೇಡ ಅನ್ಸುತ್ತೆ, ಅಲ್ವಾ" ಎಂದರೆ ಅವಳಿಗೆ ಅರ್ಧ ಭಾರ ಇಳಿಯುತ್ತದೆ. ಬಾಯಲ್ಲಿ ಹೇಳಲು ಜಾಗ ಸಿಕ್ಕ ಸಿಟ್ಟು ಕೈಗೆ ಬರುವುದು ಕಡಿಮೆ.

ಹಾಸಿಗೆ ಒದ್ದೆಯಾಗುವುದಕ್ಕೆ ನಾಚಿಕೆಪಡಿಸಬೇಡಿ. ಐದು ವರ್ಷದವರೆಗೆ ರಾತ್ರಿ ಒದ್ದೆ ಮಾಡುವುದನ್ನು ಕಾಯಿಲೆ ಎಂದು ಲೆಕ್ಕ ಹಾಕುವುದಿಲ್ಲ. ಆದರೆ ಉರಿ, ಜ್ವರ, ಹಗಲೂ ತೊಟ್ಟಿಕ್ಕುವುದು, ಮಲಬದ್ಧತೆ ಇದ್ದರೆ ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಮೂತ್ರದ ಸೋಂಕನ್ನು ಹೊಟ್ಟೆಕಿಚ್ಚಿನ ಲೆಕ್ಕಕ್ಕೆ ಹಾಕಿ ಬಿಡುವುದು ಆಗಬಾರದು.

ಎಷ್ಟು ದಿನ ಬೇಕು? ಇಷ್ಟನ್ನು ಮನೆಯವರೆಲ್ಲ ಸೇರಿ ಮಾಡಿದರೆ ಕೆಲವು ವಾರಗಳಲ್ಲಿ ಚಿವುಟುವುದು ಕಡಿಮೆಯಾಗಬೇಕು. ಒಮ್ಮೆಗೇ ನಿಲ್ಲುವುದಿಲ್ಲ. ಜಡಿಮಳೆಗೆ ರಜೆ ಕೊಟ್ಟು ಎಲ್ಲರೂ ಮನೆಯೊಳಗೇ ಕೂತ ದಿನ ಮತ್ತೆ ಜಾಸ್ತಿಯಾಗುತ್ತದೆ. ಇನ್ನು ಸ್ವಲ್ಪ ದಿನಕ್ಕೆ ಮಗ ಹರಿದಾಡಲು ಶುರು ಮಾಡುತ್ತಾನೆ, ಅವಳ ಬಣ್ಣದ ಕಡ್ಡಿ ಬಾಯಿಗೆ ಹಾಕುತ್ತಾನೆ. ಆಗ ಇನ್ನೊಂದು ಸುತ್ತು ಗಲಾಟೆ ಇದೆ. ಈಗಲೇ ಅವನ ಕೈಗೆ ಸಿಗದ ಒಂದು ಗೂಡನ್ನು ಅವಳಿಗೆಂದೇ ಬಿಟ್ಟುಕೊಡಿ. ಅಲ್ಲಿರುವುದು ಅವಳದು, ಹಂಚಿಕೊಳ್ಳಲೇಬೇಕೆಂದಿಲ್ಲ. ಅವನಿಗೆ ಒಂದೂವರೆ, ಎರಡು ವರ್ಷವಾದಾಗ ಅವನೂ ತಿರುಗಿ ಏಟು ಕೊಡಲು ಕಲಿಯುತ್ತಾನೆ. ಈ ವಯಸ್ಸಿನ ಒಡಹುಟ್ಟಿದವರು ಗಂಟೆಗೆ ಹಲವು ಸಲ ಕಿತ್ತಾಡುವುದು ಮಾಮೂಲು. ಎಷ್ಟು ಜಗಳ ಆಯಿತು ಎಂದು ಎಣಿಸಬೇಡಿ. ಜಗಳದ ನಡುವೆ ಒಟ್ಟಿಗೆ ನಗುತ್ತಾರಾ, ಆಡುತ್ತಾರಾ ನೋಡಿ. ಅದು ಇದ್ದರೆ ಸಂಬಂಧ ಬೆಳೆಯುತ್ತಿದೆ. ಮತ್ತೆ, ಇಬ್ಬರಿಗೂ ಎಲ್ಲವನ್ನೂ ಅಳೆದು ಸಮ ಕೊಡುವ ಹಠ ಬೇಡ. ಅವನಿಗೆ ಯಾಕೆ ಹೀಗೆ, ನಿನಗೆ ಯಾಕೆ ಹಾಗೆ ಎಂದು ಕಾರಣ ಹೇಳಿದರೆ ಮಕ್ಕಳು ವ್ಯತ್ಯಾಸವನ್ನು ಒಪ್ಪುತ್ತಾರೆ. ಹೋಲಿಸಿ ಮಾತಾಡುವುದನ್ನು ಮಾತ್ರ ಒಪ್ಪುವುದಿಲ್ಲ.

ತಜ್ಞರ ಹತ್ತಿರ ಹೋಗಲೇಬೇಕಾದ ಸಂದರ್ಭಗಳೂ ಇವೆ. ಇಷ್ಟೆಲ್ಲ ಮಾಡಿದ ಮೇಲೂ ಎರಡು ತಿಂಗಳಲ್ಲಿ ಏನೂ ಬದಲಾಗದಿದ್ದರೆ, ಯಾರೂ ಇಲ್ಲದ ಹೊತ್ತು ನೋಡಿ ಮತ್ತೆ ಮತ್ತೆ ಮಗುವಿಗೆ ನೋವು ಮಾಡುತ್ತಿದ್ದರೆ, ಊಟ ಬಿಟ್ಟು ತೂಕ ಇಳಿದರೆ, ಮಾತು ಕಡಿಮೆಯಾದರೆ, ತನಗೆ ತಾನೇ ನೋವು ಮಾಡಿಕೊಂಡರೆ ಕಾಯಬೇಡಿ. ಮೊದಲು ಕುಮಟೆಯ ಮಕ್ಕಳ ಡಾಕ್ಟರಿಗೆ ತೋರಿಸಿ. ಅಲ್ಲಿಂದ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕಳಿಸಿಕೊಡುತ್ತಾರೆ. ಹೋಗುವಾಗ ಮಗಳಿಗೆ "ನಿನ್ನ ಬುದ್ಧಿ ಸರಿ ಮಾಡಿಸೋಕೆ" ಎಂದು ಹೇಳಿ ಕರೆದೊಯ್ಯಬೇಡಿ. "ನಮ್ಮಿಬ್ಬರಿಗೂ ಸಹಾಯ ಮಾಡ್ತಾರೆ" ಎನ್ನಿ, ನಿಜವೂ ಅದೇ.

ಕೊನೆಯದಾಗಿ, ನಾನು ಕೆಟ್ಟ ತಾಯಿ ಎಂದು ಬರೆದಿದ್ದೀರಿ. ಆ ಸಾಲನ್ನು ನಾನು ಹಾಗೇ ಬಿಡಲಾರೆ. ಏಳು ತಿಂಗಳ ಮಗು, ನಿದ್ದೆ ಇಲ್ಲದ ರಾತ್ರಿ, ವಾರಕ್ಕೊಮ್ಮೆ ಬರುವ ಗಂಡ. ನಿಮಗೆ ಸುಸ್ತು ಮಾತ್ರವೋ, ಅದಕ್ಕಿಂತ ಜಾಸ್ತಿಯೋ? ಎರಡು ವಾರಕ್ಕಿಂತ ಹೆಚ್ಚು ದಿನದಿಂದ ಮನಸ್ಸು ಭಾರವಾಗಿದ್ದರೆ, ಸುಮ್ನೆ ಅಳು ಬರುತ್ತಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಬದುಕು ಬೇಡ ಅನಿಸಿದರೆ ಅದು ಹೆರಿಗೆಯ ನಂತರದ ಖಿನ್ನತೆ ಇರಬಹುದು. ಅದು ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬರಬಹುದು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಶನಿವಾರ ನಿಮ್ಮವರು ಬಂದಾಗ ಈ ಉತ್ತರವನ್ನು ಅವರಿಗೂ, ಅತ್ತೆಗೂ ಓದಿ ಹೇಳಿ. ಭಾನುವಾರ ಬೆಳಿಗ್ಗೆ ಮಗನನ್ನು ಎತ್ತಿಕೊಳ್ಳುವವರು ಯಾರು ಎಂದು ಅವತ್ತೇ ಮಾತಾಡಿ ಮುಗಿಸಿ.